ಒಂದು ಹಿಡಿ ವಾಪಸ್ಸು

“ಮಗಳಿಗೆ ಕೊಡ್ತಿರೋ ಈ ಹಣಕ್ಕೆ ಬದಲಾಗಿ ನಿಮಗೆ ಅವಳಿಂದ ಏನಾದ್ರೂ ವಾಪಸ್ ಬರಬೇಕಾ ಅಂತ ಕೇಳ್ತಿದಾರೆ ಆಂಟಿ,” ಎಂದಳು ಹೇಮಶ್ರೀ.

“ಬರಬೇಕಲ್ಲ,” ಎಂದರು ಜಗದಾಂಬಾ. “ಒಂದು ಹಿಡಿ.”

ಹೇಮಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಫೋನಿನಲ್ಲಿ ಕಾಣುತ್ತಿದ್ದ ಐರ್ಲೆಂಡಿನ ವಕೀಲೆ ಫಿಯೋನಾ ಟೈಪ್ ಮಾಡುವುದನ್ನು ನಿಲ್ಲಿಸಿದರು. ಪಕ್ಕದ ಚೌಕದಲ್ಲಿದ್ದ ಮಗಳು ಪ್ರಿಯದರ್ಶಿನಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

ಅವಳು ಅಲ್ಲಿನ ಲಿಮರಿಕ್ ಊರಿನ ಆಸ್ಪತ್ರೆಯಲ್ಲಿ ನರ್ಸು. ಬಾಡಿಗೆ ಮನೆಗಳನ್ನು ಬದಲಿಸಿ ಸಾಕಾಗಿ ಈಗ ಒಂದು ಪುಟ್ಟ ಮನೆ ಕೊಳ್ಳಲು ಹೊರಟಿದ್ದಳು. ಹೊರದೇಶದವಳ ಕೈಗೆ ಮುಂಗಡದ ಹಣ ಎಲ್ಲಿಂದ ಬಂತು, ಕೊಟ್ಟವರು ನಾಳೆ ಮನೆಯಲ್ಲಿ ಪಾಲು ಕೇಳುತ್ತಾರೋ ಎಂಬುದು ಸಾಲ ಕೊಡುವ ಬ್ಯಾಂಕಿಗೆ ಗೊತ್ತಾಗಬೇಕಿತ್ತು. ಅದನ್ನು ಅಮ್ಮನ ಬಾಯಿಂದಲೇ ಕೇಳಬೇಕು, ಮಗಳು ನಡುವೆ ಮಾತಾಡಕೂಡದು. ಇವತ್ತು ಇದು ಮುಗಿಯದಿದ್ದರೆ ಆ ಮನೆ ಅದಕ್ಕಾಗಿ ಕಾದು ನಿಂತಿರುವ ಇನ್ನೊಬ್ಬರ ಪಾಲಾಗುತ್ತಿತ್ತು. ಹಾಗಾಗಿ ಗೋಪಾಳ ಬಡಾವಣೆಯ ಇದೇ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೇಮಶ್ರೀ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗುವ ಬಸ್ಸು ಬಿಟ್ಟು, ತನ್ನ ಪಿಎಚ್‌ಡಿಯನ್ನು ಒಂದು ದಿನ ಮರೆತು, ಜಗದಾಂಬಾ ಅವರ ಅಡುಗೆಮನೆಯಲ್ಲಿ ಕೂತಿದ್ದಳು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದ್ದರು. ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಬೇಕೆಂದು ವಕೀಲೆ ಮೊದಲೇ ತಾಕೀತು ಮಾಡಿದ್ದರು.

ಅದರಿಂದ ಮೊದಲ ಪ್ರಶ್ನೆಗೇ ಒಂದು ಅವಾಂತರವಾಗಿತ್ತು. ಹಣ ಎಲ್ಲಿಯದು ಎಂದಾಗ ಜಗದಾಂಬಾ, “ಭದ್ರಾವತಿ ಸೈಟು ಮಾರಿದ್ದು. ನಮ್ಮಮ್ಮ ನನ್ನ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು,” ಎಂದಿದ್ದರು. ಹೇಮಶ್ರೀ ಒಂದಕ್ಷರ ಬಿಡದೆ ಹೇಳಿದ್ದಳು. ನಿಮ್ಮದು ಅರಿಶಿನದ ವ್ಯಾಪಾರವೇ ಎಂದು ಫಿಯೋನಾ ಕೇಳಿದ್ದರು. ತಾಯಿ ಮಗಳಿಗೆ ಪ್ರೀತಿಯಿಂದ ಕೊಡುವ ಆಸ್ತಿಗೆ ಹಾಗೆನ್ನುತ್ತಾರೆ ಎಂದು ಬಿಡಿಸಿ ಹೇಳುವುದರಲ್ಲಿ ಒಲೆಯ ಮೇಲಿನ ಸಾರು ಒಮ್ಮೆ ಉಕ್ಕಿ ಆರಿತ್ತು.

“ಎಷ್ಟು ಪರ್ಸೆಂಟ್ ಅಂತ ಕೇಳ್ತಿದಾರೆ,” ಎಂದಳು ಹೇಮಶ್ರೀ.

“ಯಾವುದು?”

“ನಿಮ್ಮ ಹಿಡಿ.”

“ಹಿಡಿಗೆ ಯಾರು ಪರ್ಸೆಂಟ್ ಹಾಕ್ತಾರೆ ಮಾರಾಯ್ತಿ! ಅವಳ ಕೈಯಲ್ಲಿ ಎಷ್ಟು ಹಿಡಿಯುತ್ತೋ ಅಷ್ಟು.”

“ಅಮ್ಮಾ, ಏನೂ ಬೇಡ ಅಂತ ಹೇಳಮ್ಮ, ನಿನ್ ದಮ್ಮಯ್ಯ!” ಪ್ರಿಯದರ್ಶಿನಿ ಕೂಗಿದಳು. ಫಿಯೋನಾ ಬೆರಳೆತ್ತಿದರು. ಅವಳು ಬಾಯಿ ಮುಚ್ಚಿಕೊಂಡಳು.

“ವಕೀಲರ ಮುಂದೆ ಸುಳ್ಳು ಹೇಳು ಅಂತೀಯಲ್ಲೇ ಪ್ರಿಯಾ? ಮಡಿಲು ತುಂಬಿಸ್ಕೊಂಡವಳು ತವರಿಗೆ ಒಂದು ಹಿಡಿ ಹಾಕದೆ ಹೊಸಿಲು ದಾಟ್ತಾಳಾ? ಇರಿ, ಇವರಿಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ.”

ಜಗದಾಂಬಾ ಅಕ್ಕಿ ಡಬ್ಬ ಎಳೆದುಕೊಂಡರು. ಫೋನು ಅಂಗಾತ ಬಿತ್ತು. ಐರ್ಲೆಂಡಿಗೆ ಸ್ವಲ್ಪ ಹೊತ್ತು ಗೋಪಾಳದ ಸೀಲಿಂಗ್ ಫ್ಯಾನ್ ಕಾಣಿಸಿತು. ಹೇಮಶ್ರೀ ಅದನ್ನೆತ್ತಿ ಸಕ್ಕರೆ ಡಬ್ಬಕ್ಕೆ ಒರಗಿಸುವಷ್ಟರಲ್ಲಿ ಜಗದಾಂಬಾ ಮಡಿಲು ತುಂಬುವ ಹಾಗೆ ಅವಳ ವೇಲಿಗೆ ಅಕ್ಕಿ ಸುರಿದಾಗಿತ್ತು.

“ನೋಡಿ ಮೇಡಂ, ಇದು ನಾನು ಕೊಡೋದು.” ಆಮೇಲೆ ಹೇಮಶ್ರೀಯ ಕೈಯನ್ನೇ ಹಿಡಿದು ವೇಲಿನಿಂದ ಒಂದು ಮುಷ್ಟಿ ತೆಗೆಸಿ ಡಬ್ಬಕ್ಕೆ ಹಾಕಿಸಿದರು. “ಇದು ಅವಳು ವಾಪಸ್ ಹಾಕೋದು. ಇಷ್ಟೇ. ಕೊಟ್ಟವರ ಮನೆ ಬರಿದಾಗಬಾರದು ಅಂತ.”

ಹೇಮಶ್ರೀ ಹೇಳಿ ಮುಗಿಸಿದಳು. ಫಿಯೋನಾ ಕನ್ನಡಕ ಮೇಲೇರಿಸಿ ಪರದೆಯ ಹತ್ತಿರ ಬಂದರು.

“ಅಕ್ಕಿಯಾ?”

“ಅಕ್ಕಿ,” ಎಂದಳು ಹೇಮಶ್ರೀ, ವೇಲನ್ನು ಎತ್ತಿ ತೋರಿಸುತ್ತಾ.

ಫಿಯೋನಾ ನಕ್ಕರು. ಅಕ್ಕಿಗೆ ಬ್ಯಾಂಕಿನವರ ತಕರಾರು ಇರಲಾರದು ಎಂದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. ಹೇಮಶ್ರೀ ಅದನ್ನು ಕನ್ನಡಕ್ಕೆ ತರಲು ತುಸು ತಡಮಾಡಿದಳು.

“ಆ ಮನೇಲಿ ಇರೋಕೆ ನಿಮಗೆ ಯಾವ ಹಕ್ಕೂ ಇರಲ್ವಂತೆ ಆಂಟಿ. ಈಗಲೂ, ಮುಂದಕ್ಕೂ. ಒಪ್ಪಿಗೆನಾ ಅಂತ...”

ಪ್ರಿಯದರ್ಶಿನಿ ತಲೆ ತಗ್ಗಿಸಿದಳು. ಜಗದಾಂಬಾ ಡಬ್ಬದ ಮುಚ್ಚಳ ಹಾಕಿ, ಅದರ ಮೇಲೆ ಬಿದ್ದಿದ್ದ ಒಂದೆರಡು ಕಾಳನ್ನು ಬೆರಳಿಂದ ಒತ್ತಿ ತೆಗೆದರು.

“ಮಗಳ ಮನೆಗೆ ಯಾರಾದ್ರೂ ಹಕ್ಕು ಹಿಡ್ಕೊಂಡು ಹೋಗ್ತಾರಾ? ನಾನು ಚಟ್ನಿಪುಡಿ ಹಿಡ್ಕೊಂಡು ಹೋಗ್ತೀನಿ. ಒಳಗೆ ಕರೀತಾಳೋ ಇಲ್ವೋ ನೋಡೋಣ! ಒಪ್ಪಿಗೆ ಅಂತ ಬರ್ಕೊಳ್ಳೋಕೆ ಹೇಳು.”

ಫಿಯೋನಾ ಬರೆದುಕೊಂಡರು. ಇನ್ನು ತೊಂದರೆಯಿಲ್ಲ, ಮನೆ ನಿಮ್ಮ ಮಗಳಿಗೇ ಎಂದರು. ಅದನ್ನು ಹೇಮಶ್ರೀ ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಜಗದಾಂಬಾ ಆಗಲೇ ಅವಳ ಬಾಯಿಗೆ ಬೆಲ್ಲದ ಚೂರು ಹಾಕಿದ್ದರು.

ಆದರೆ ಪ್ರಿಯದರ್ಶಿನಿಯ ಚೌಕ ಖಾಲಿಯಾಗಿತ್ತು. ಬರೀ ಕುರ್ಚಿ ಕಾಣುತ್ತಿತ್ತು.

“ನೆಟ್ ಹೋಯ್ತೇನೋ,” ಎಂದಳು ಹೇಮಶ್ರೀ.

ಹೋಗಿರಲಿಲ್ಲ. ಅವಳು ಓಡುತ್ತಾ ಬಂದು ಮುಚ್ಚಿದ ಮುಷ್ಟಿಯನ್ನು ಕ್ಯಾಮೆರಾದ ಹತ್ತಿರ ತಂದಳು. ಬೆರಳ ಸಂದಿನಿಂದ ಬಿಳಿಯ ಕಾಳುಗಳು ಉದುರುತ್ತಿದ್ದವು.

“ಹಿಡ್ಕೋ ಅಮ್ಮ.”

“ಬಾಸ್ಮತಿನಾ? ನಿಮ್ಮೂರಲ್ಲಿ ಸೋನಾಮಸೂರಿ ಸಿಗಲ್ವೇನೇ?” ಎನ್ನುತ್ತಾ ಜಗದಾಂಬಾ ಎರಡೂ ಕೈಯಲ್ಲಿ ಫೋನಿನ ಕೆಳಗೆ ಸೆರಗೊಡ್ಡಿದರು. ಪ್ರಿಯದರ್ಶಿನಿ ಮುಷ್ಟಿ ಬಿಚ್ಚಿದಳು. ಒಂದು ಕಾಳೂ ಹೊರಗೆ ಬೀಳದ ಹಾಗೆ ಜಗದಾಂಬಾ ಸೆರಗನ್ನು ಮಡಚಿ, ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡರು.