ಸೌತೆಕಾಯಿಗೆ ಕಟ್ಟಿದ ವಾಚು

ಇದನ್ನು ಓದಿ ಯಾರೂ ನಗುವ ಎಮೋಜಿ ಹಾಕಬೇಡಿ, ದಯವಿಟ್ಟು. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತದೆ...

ಅರಸೀಕೆರೆಯ ಒಂದು ಕುಟುಂಬ. ಆ ಕುಟುಂಬಕ್ಕೊಂದು ವಾಟ್ಸಾಪ್ ಗ್ರೂಪು. ನಿಮ್ಮಲ್ಲೂ ಇರುತ್ತದಲ್ಲ, ಅಂಥದ್ದೇ...

ಬೆಳಗಾದರೆ ಆ ಗ್ರೂಪಿಗೆ ಒಂದು ಟೆಕ್ ಸುದ್ದಿ ಬೀಳುತ್ತಿತ್ತು. "ಟವರ್‌ನಿಂದ ಗುಬ್ಬಚ್ಚಿ ಸಾಯ್ತಾವಂತೆ..." "ಈ ಸ್ಟಿಕ್ಕರ್ ಅಂಟಿಸಿದ್ರೆ ಫೋನಿನ ರೇಡಿಯೇಷನ್ ತಟ್ಟಲ್ವಂತೆ..."

ಹಾಕುತ್ತಿದ್ದವರು ತಮ್ಮೇಗೌಡರು. ರಿಟೈರ್ ಆದ ಪಿ.ಟಿ. ಮೇಷ್ಟ್ರು. ಆ ವಯಸ್ಸಲ್ಲೂ ದಿನಾ ಬೆಳಿಗ್ಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈದಾನ ಸುತ್ತುತ್ತಿದ್ದ ಗಟ್ಟಿ ಮನುಷ್ಯ.

ಅವರ ಸುದ್ದಿಗಳನ್ನು ಬೆಂಡೆತ್ತುತ್ತಿದ್ದವನು ಅವರ ಹೆಂಡತಿಯ ತಮ್ಮ ಯೋಗೀಶ. ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. "ಭಾವ, ಪುರಾವೆ ಎಲ್ಲಿ?" ಅಂತ ಶುರು ಮಾಡಿದರೆ ಭಾವನ ಬಾಯಿ ಮುಚ್ಚಿಸುವ ತನಕ ಬಿಡುತ್ತಿರಲಿಲ್ಲ.

ಒಪ್ಪಬೇಕಾದ ಮಾತು... ಯೋಗೀಶ ಹೇಳಿದ್ದು ಯಾವತ್ತೂ ಸುಳ್ಳಾಗಿರಲಿಲ್ಲ. ಅವನಿಗೆ ಜಂಬ ತಲೆಗೇರಿದ್ದೂ ಅದರಿಂದಲೇ.

ಒಂದು ದಿನ ಮೇಷ್ಟ್ರು ತಮ್ಮ ಕೈಯ ಫೋಟೋ ಹಾಕಿದರು. ಹೊಸ ಸ್ಮಾರ್ಟ್ ವಾಚು! "ಶುಗರ್ ತೋರಿಸೋ ವಾಚು. ರಕ್ತ ತೆಗೆಯೋದೇ ಬೇಡ. ನೋಡಿ, ನಂದು ನಾರ್ಮಲ್!"

ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದರು.

ವಾಚಿನಿಂದ ಶುಗರ್ ಗೊತ್ತಾಗುವುದಿಲ್ಲ, ಅದು ಬರೀ ಮೋಸ ಅಂತ ಯೋಗೀಶನಿಗೆ ಗೊತ್ತಿತ್ತು. ಭಾವನ ಮನೆ ಎರಡು ಬೀದಿ ಆಚೆ... ಹೋಗಿ ಒಂದು ಮಾತು ಹೇಳಬಹುದಿತ್ತು.

ಹೋಗಲಿಲ್ಲ. ತಾನೂ ಅದೇ ವಾಚು ತರಿಸಿದ. ಫ್ರಿಜ್‌ನಿಂದ ಒಂದು ಸೌತೆಕಾಯಿ ತೆಗೆದ. ಅದಕ್ಕೆ ವಾಚು ಕಟ್ಟಿದ. ವಿಡಿಯೋ ಮಾಡಿದ.

"ನೋಡಿ ಬಂಧುಗಳೇ, ಸೌತೆಕಾಯಿಗೂ ಶುಗರ್ ನಾರ್ಮಲ್! ಧೈರ್ಯವಾಗಿ ಉಪ್ಪು ಖಾರ ಹಾಕ್ಕೊಂಡು ತಿನ್ನಿ. ಭಾವನ ವಾಚಿನ ಗ್ಯಾರಂಟಿ!"

ಗ್ರೂಪಿನ ತುಂಬಾ ನಗು... ನಗು... ಕಣ್ಣೀರು ಬರುವ ಹಾಗೆ ನಗುವ ಆ ಹಳದಿ ಮುಖಗಳ ಸಾಲು...

ಸಂಜೆ ಹೊತ್ತಿಗೆ ತಮ್ಮೇಗೌಡರು ಗ್ರೂಪಿನಿಂದ ಹೊರಗೆ ಹೋದರು. ಯಾಕೆ ಅಂತ ಒಬ್ಬರೂ ಫೋನ್ ಮಾಡಿ ಕೇಳಲಿಲ್ಲ. "ಉತ್ತರ ಇಲ್ದೋರು ಹೀಗೇ ಎದ್ದು ಹೋಗೋದು" ಅಂತ ಬರೆದ ಯೋಗೀಶ. ಅದಕ್ಕೂ ಚಪ್ಪಾಳೆ.

ಮುಂದೆ ಒಂದು ನಾಮಕರಣದಲ್ಲಿ ಚಿಕ್ಕ ಮಕ್ಕಳು ಮೇಷ್ಟ್ರನ್ನು "ಸೌತೆಕಾಯಿ ತಾತ" ಅಂದವು. ದೊಡ್ಡವರು ಗದರಿಸುವ ಬದಲು ಮುಸಿಮುಸಿ ನಕ್ಕರು. ಮೇಷ್ಟ್ರು ಊಟಕ್ಕೆ ಕೂರದೆ ಮನೆಗೆ ಬಂದುಬಿಟ್ಟರು.

"ಆ ವಾಚು ಬಿಚ್ಚಾಕಿ ಅತ್ಲಾಗೆ, ರಕ್ತ ಟೆಸ್ಟ್ ಮಾಡ್ಸಣ ಬನ್ನಿ" ಅಂದರು ಹೆಂಡತಿ ಪದ್ಮಕ್ಕ.

"ಬಿಚ್ಚಿದ್ರೆ ನಿನ್ ತಮ್ಮ ಹೇಳಿದ್ದೇ ಸರಿ ಅಂತ ಒಪ್ಕೊಂಡಂಗೆ ಆಗಲ್ವೇನೆ?" ಅಂದರು ಮೇಷ್ಟ್ರು.

ಆಮೇಲೆ ಅವರು ಆ ವಾಚನ್ನು ಬಿಚ್ಚಲೇ ಇಲ್ಲ. ನಂಬಿಕೆಯಿಂದಲ್ಲ... ಅವಮಾನದಿಂದ.

ಶೂ ಕಚ್ಚಿ ಕಾಲಿನ ಕಿರುಬೆರಳಲ್ಲಿ ಒಂದು ಬೊಬ್ಬೆ ಎದ್ದಿತು. ಸಕ್ಕರೆ ಕಾಯಿಲೆಗೆ ಪಾದ ಜೋಮು ಹಿಡಿದಿತ್ತು, ನೋವು ಗೊತ್ತಾಗಲಿಲ್ಲ. ಬೊಬ್ಬೆ ಹುಣ್ಣಾಯಿತು. ವಾಚು ನಾರ್ಮಲ್ ಅಂತಲೇ ತೋರಿಸುತ್ತಿತ್ತು. ಬೆರಳು ಕಪ್ಪಾಗಿ ಪಾದಕ್ಕೂ ಹರಡಿದಾಗ ಪದ್ಮಕ್ಕ ಅತ್ತು ಕರೆದು ಹಾಸನದ ಆಸ್ಪತ್ರೆಗೆ ಸೇರಿಸಿದರು...

ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಮೈದಾನ ಸುತ್ತುತ್ತಿದ್ದ ಕಾಲು.

ಸುದ್ದಿ ಗ್ರೂಪಿಗೆ ಬಂತು. ಮೊದಲ ಕಾಮೆಂಟು ಏನು ಗೊತ್ತಾ? "ಯೋಗೀಶಣ್ಣ, ನೀವು ಅವತ್ತೇ ಹೇಳಿದ್ರಿ. ನೀವೇ ಕರೆಕ್ಟ್."

ಥೂ... ಎಂಥ ಜನ ನಾವು!

ಯೋಗೀಶ ಆಸ್ಪತ್ರೆಗೆ ಬಂದ. ವಾರ್ಡಿನ ಬಾಗಿಲಲ್ಲೇ ಅಕ್ಕ ಸಿಕ್ಕಳು. ಅವನು ತಡವರಿಸಿದ... "ಅಕ್ಕ, ನಾನು ಅವತ್ತೇ..."

"ಹೂಂ, ಹೇಳಿದ್ದೆ. ನೀನು ಹೇಳಿದ್ದು ಸರಿನೇ ಇತ್ತು ಕಣೋ. ಆದ್ರೆ ಊರಿಗೆಲ್ಲ ಹೇಳ್ದೆ, ಅವರಿಗೆ ಹೇಳಲಿಲ್ಲ. ಆ ವಾಚು ಯಾಕ್ ತಗಂಡ್ರು ಅಂತ ಒಂದಿನ ಕೇಳಿದ್ಯಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವರಿಗೆ ಸೂಜಿ ಅಂದ್ರೆ ಜೀವ ಹೋಗೋ ಅಷ್ಟು ಭಯ ಕಣೋ... ಇಷ್ಟು ದೊಡ್ಡ ಆಳು, ಪಿ.ಟಿ. ಮೇಷ್ಟ್ರು... ಯಾರಿಗೆ ಹೇಳ್ಕೋತಾರೆ? ನಾನು ಕೈ ಹಿಡ್ಕೊಂಡ್ರೆ ಮಾತ್ರ ಚುಚ್ಚಿಸ್ಕೋತಿದ್ರು. ಆ ವಾಚು ಬಂದ ದಿನ ಮಗು ಥರ ಕುಣಿದಾಡಿದ್ರು. ನೀನು ಅದನ್ನ ಸೌತೆಕಾಯಿಗೆ ಕಟ್ಟಿದೆ."



ಯೋಗೀಶ ಒಳಗೆ ಹೋದ. ಮೇಷ್ಟ್ರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಷ್ಟರಲ್ಲಿ ಶುಗರ್ ನೋಡಲು ನರ್ಸ್ ಬಂದಳು. "ತಾತ, ಬೆರಳು ಕೊಡಿ..."

ಮೇಷ್ಟ್ರ ಮುಖ ಬೆವರಿತು. ಕಣ್ಣು ಗಟ್ಟಿಯಾಗಿ ಮುಚ್ಚಿ, ಇನ್ನೊಂದು ಕೈಯನ್ನು ಚಾಚಿ ತಡಕಾಡಿದರು. ಪಕ್ಕದಲ್ಲಿ ಪದ್ಮಕ್ಕ ಇರಲಿಲ್ಲ. ಯೋಗೀಶನ ಕೈ ಸಿಕ್ಕಿತು. ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದುಕೊಂಡರು...

ಚುಚ್ಚಿ ಮುಗಿದ ಮೇಲೆ ಕಣ್ಣು ಬಿಟ್ಟರು. ತಾವು ಹಿಡಿದಿರುವುದು ಯಾರ ಕೈ ಅಂತ ನೋಡಿದರು. ತಟ್ಟನೆ ಬಿಟ್ಟರು.

ಆಮೇಲೆ ಮೆಲ್ಲಗೆ ಅಂದರು...

"ಯೋಗೀಶ... ಇದನ್ನ ಗ್ರೂಪಿಗೆ ಹಾಕಬೇಡ ಕಣಪ್ಪ."

ಯೋಗೀಶ ಹಾಸಿಗೆಯ ಕಂಬಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅತ್ತರೆ ಕಾಲು ವಾಪಸ್ ಬರುತ್ತದೆಯೇ...?

ಒಬ್ಬರ ತಪ್ಪು ತಿಳಿವಳಿಕೆಯನ್ನು ತಿದ್ದುವುದು ಬೇರೆ, ಅವರನ್ನು ನಾಲ್ಕು ಜನರೆದುರು ನಗೆಪಾಟಲು ಮಾಡುವುದು ಬೇರೆ.

ನಿಮ್ಮ ಗ್ರೂಪಿನಿಂದ ಕೊನೆಯದಾಗಿ ಹೊರಗೆ ಹೋದವರು ಯಾರು...? ಆಮೇಲೆ ನೀವು ಅವರಿಗೆ ಒಂದು ಫೋನ್ ಮಾಡಿದ್ದೀರಾ...?