ಎರಡು ದಡ, ಒಂದೇ ಅಂಕಿ

ಆಚೆ ದಡದ ಹೆಂಗಸು ನ್ಯಾಯಮಂಡಳಿಯ ಕಟಕಟೆ ಹತ್ತಿದಾಗ ಗೇಜಪ್ಪ ಕೂತಲ್ಲೇ ಮುಂದಕ್ಕೆ ಬಾಗಿದ. ಆಕೆ ಒಂದು ಮಾತು ನಿಜ ಹೇಳಿದರೆ ಸಾಕು, ಮೂವತ್ತೊಂದು ವರ್ಷದ ನೌಕರಿ ನೀರುಪಾಲು. ನಿವೃತ್ತಿಗೆ ಇನ್ನು ಮೂರೇ ತಿಂಗಳು.

ಗೇಜಪ್ಪ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ದಿನಾ ಬೆಳಿಗ್ಗೆ ಎಂಟಕ್ಕೆ ಹೊಳೆಗಿಳಿದು, ನೀರಲ್ಲಿ ನೆಟ್ಟ ಅಳತೆಪಟ್ಟಿ, ಅಂದರೆ ಗೇಜು, ನೋಡಿ, ಎಷ್ಟು ಅಡಿ ನೀರಿದೆ ಎಂದು ಬರೆಯುವುದು ಅವನ ಕೆಲಸ. ಆಚೆ ದಡ ಬೇರೆ ರಾಜ್ಯ. ಅಲ್ಲೂ ಅಂಥದೇ ಪಟ್ಟಿ, ಅದನ್ನು ಓದಲು ಈ ಹೆಂಗಸು. ಮೇಲ್ಗಡೆ ಜಲಾಶಯ ಕಟ್ಟಿಯೇ ತೀರುತ್ತೇವೆ ಎಂದು ಇವರು, ಕಟ್ಟಿದರೆ ನಮ್ಮ ಗತಿಯೇನು ಎಂದು ಅವರು, ಹನ್ನೆರಡು ವರ್ಷದಿಂದ ಹಗ್ಗಜಗ್ಗಾಟ. ವಕೀಲರಿಗೇ ಆಕಳಿಕೆ ಬರುವಷ್ಟು ಹಳತಾಗಿತ್ತು ಜಗಳ. ಒಬ್ಬರ ಕಾಗದವನ್ನು ಇನ್ನೊಬ್ಬರು ಮೂಸಿಯೂ ನೋಡುತ್ತಿರಲಿಲ್ಲ. ಇಬ್ಬರೂ ನಂಬಬಹುದಾದದ್ದೆಂದರೆ ಈ ಎರಡು ದಡದ ಪುಸ್ತಕಗಳು ಮಾತ್ರ. ಕಳೆದ ಆರು ವರ್ಷದಲ್ಲಿ ಎರಡರ ನಡುವೆ ಒಂದಂಗುಲ ವ್ಯತ್ಯಾಸವೂ ಇರಲಿಲ್ಲ.

ಇರುವುದಾದರೂ ಹೇಗೆ? ಆರು ವರ್ಷದ ಹಿಂದೆ, ದೊಡ್ಡ ಪ್ರವಾಹ ಬಂದಾಗ, ಜಾರಿ ಬಿದ್ದು ಗೇಜಪ್ಪನ ಮಂಡಿ ಹೋಗಿತ್ತು. ಹೊಳೆಗೆ ತೊಂಬತ್ತು ಮೆಟ್ಟಿಲು ಇಳಿಯುವ ಮಾತು ಹಾಗಿರಲಿ, ನಿಂತರೇ ಪ್ರಾಣ ಹೋಗುತ್ತಿತ್ತು. ಕಚೇರಿಗೆ ಹೇಳಿದರೆ ಮನೆಗೆ ಕಳಿಸಿಬಿಡುತ್ತಾರೆ. ಅಂದಿನಿಂದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಹೊಳೆ ನೋಡಿ, ಆಕೆಗೆ ಫೋನು ಮಾಡುತ್ತಿದ್ದ. ಇವತ್ತು ಹನ್ನೊಂದೂವರೆ ಅಡಿ ಅಲ್ವಾ ತಂಗಿ, ಎಂದು ತಾನೂ ಓದಿದವನ ಠೀವಿಯಲ್ಲಿ ಕೇಳುತ್ತಿದ್ದ. ತಪ್ಪಿದ್ದರೆ ತಿದ್ದುತ್ತಾಳೆ ಎಂಬ ಧೈರ್ಯ. ಹೂಂ ಅಣ್ಣ, ಅಷ್ಟೇ, ಎನ್ನುತ್ತಿದ್ದಳು ಆಕೆ. ಒಂದು ದಿನವೂ ತಿದ್ದಿರಲಿಲ್ಲ. ತನ್ನ ಕಣ್ಣಂದಾಜಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ಕಟಕಟೆಯಲ್ಲಿ ಅವನ ಸರದಿ ಇವತ್ತು ಬೆಳಿಗ್ಗೆಯೇ ಮುಗಿದಿತ್ತು. ದಿನಾ ನಾನೇ ಇಳಿದು ನೋಡಿದೆ ಎಂದು ಪ್ರಮಾಣ ಮಾಡಿ ಸುಳ್ಳು ಹೇಳಿ, ಬೆವರೊರೆಸಿಕೊಂಡು ಬಂದು ಕೂತಿದ್ದ. ಈಗ ವಕೀಲ ಆಕೆಯ ಮುಂದೆ ಫೋನು ಕರೆಗಳ ಪಟ್ಟಿ ಹಿಡಿದ. ದಿನಾ ಎಂಟು ಗಂಟೆಗೆ ಗೇಜಪ್ಪನಿಂದ ಕರೆ ಬರುತ್ತಿತ್ತಲ್ಲ, ಅಂಕಿ ಕೇಳುವುದಕ್ಕೋ ಎಂದ.

ಆಕೆ ಗೇಜಪ್ಪನನ್ನು ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ.

"ಕ್ಷೇಮ ವಿಚಾರಿಸ್ತಿದ್ರು, ಅಷ್ಟೇ," ಎಂದಳು. "ಅಂಕಿ ನಾನು ಕಣ್ಣಾರೆ ನೋಡಿ ಬರೆದದ್ದು."

ಮಧ್ಯಾಹ್ನದ ಹೊತ್ತಿಗೆ ನ್ಯಾಯಮಂಡಳಿ ಹೇಳಿಬಿಟ್ಟಿತು: ಈ ಎರಡು ಪುಸ್ತಕಗಳು ಪ್ರಶ್ನಾತೀತ, ಜಲಾಶಯ ಎಷ್ಟು ಎತ್ತರ, ಯಾರಿಗೆ ಎಷ್ಟು ನೀರು, ಎಲ್ಲವೂ ಇವುಗಳ ಆಧಾರದ ಮೇಲೆಯೇ. ಎರಡೂ ಕಡೆಯ ವಕೀಲರು ಮೊದಲ ಸಲ ಕೈ ಕುಲುಕಿದರು.

ಗೇಜಪ್ಪ ಕುಂಟುತ್ತ ವರಾಂಡಕ್ಕೆ ಬಂದ. ಆಕೆ ಬೆಂಚಿನ ಮೇಲೆ ಸುಸ್ತಾಗಿ ಕೂತಿದ್ದಳು. ಅವನಿಗೆ ಅಳುವೇ ಬಂತು. ನನ್ನನ್ನು ಉಳಿಸಿದೆ ತಾಯಿ, ಎಂದು ಕೈಮುಗಿದ.

"ನಾನೆಲ್ಲಿ ಉಳಿಸಿದೆ ಅಣ್ಣ, ನೀವಲ್ವಾ ಆರು ವರ್ಷದಿಂದ ನನ್ನ ಉಳಿಸಿರೋದು," ಎಂದಳು ಆಕೆ ತಗ್ಗಿದ ದನಿಯಲ್ಲಿ. "ನಮ್ಮ ಕಡೆ ಅಳತೆಪಟ್ಟಿ ಆ ಪ್ರವಾಹದಲ್ಲೇ ಕೊಚ್ಚಿಕೊಂಡು ಹೋಯ್ತು, ಹೊಸದು ಹಾಕಿ ಅಂತ ಬರೆದೂ ಬರೆದೂ ಸಾಕಾಯ್ತು, ಅವತ್ತಿಂದ ನೀವು ದಿನಾ ಇಳಿದು ನೋಡಿ ಹೇಳಿದ್ದನ್ನೇ ನಾನು ಬರೀತಿರೋದು."