ಹೊಸ್ತಿಲ ತಟ್ಟೆಯ ನೀರು

ವರ್ಷಗಟ್ಟಲೆ ಬಿಡದೆ ಅಲುಗುತ್ತಿದ್ದ ನೆಲ ಕಳೆದ ವಾರ ಸುಮ್ಮನಾಯಿತು. ನಡುಗುವ ಊರಿನಲ್ಲಿ ನಿದ್ದೆ ಬರಲೆಂದು ಡಾಕ್ಟರು ಮನೆಮನೆಗೂ ಬರೆದುಕೊಟ್ಟಿದ್ದ ಮಾತ್ರೆಯನ್ನು, ಇನ್ನೇಕೆಂದು, ಎಲ್ಲರಂತೆ ಪಂಕಜಮ್ಮನೂ ಅವಳ ಗಂಡನೂ ಅಂದೇ ಎಸೆದಿದ್ದರು.

ಇಂದು ಬೆಳಗ್ಗೆ ಕಾಫಿ ಲೋಟ ಕೈಯಲ್ಲೇ ತುಳುಕಿತು. "ಮತ್ತೆ ಶುರುವಾಯ್ತು ರೀ, ಹೊರಗೆ ಬನ್ನಿ" ಎಂದು ಗಂಡನ ಕೈ ಹಿಡಿದು ಬೀದಿಗೆ ಓಡಿದಳು. ಬೀದಿಯವರೆಲ್ಲ ಬೆವರುತ್ತಾ ಆಗಲೇ ಕಂಬ, ಗೋಡೆ ಹಿಡಿದು ನಿಂತಿದ್ದರು. ನೋಡನೋಡುತ್ತಲೇ ಗಂಡ ಕೈಕಾಲು ಸೆಟೆದು ಬಿದ್ದ.

ಓಡಿಬಂದ ಡಾಕ್ಟರು ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ಆಮೇಲೆ, ಕಂಪನ ತಿಳಿಯಲೆಂದು ಪ್ರತಿ ಹೊಸ್ತಿಲಲ್ಲೂ ಇಟ್ಟಿದ್ದ ನೀರಿನ ತಟ್ಟೆಗಳತ್ತ ನೋಡಿದರು. ಒಂದರಲ್ಲೂ ಅಲೆಯಿರಲಿಲ್ಲ.

"ನೆಲ ಅಲುಗ್ತಿಲ್ಲಮ್ಮ," ಎಂದರು ತಗ್ಗಿದ ದನಿಯಲ್ಲಿ. "ಮಾತ್ರೇನ ಒಮ್ಮೆಲೇ ಬಿಟ್ರೆ ಮೈ ಹೀಗೆ ನಡುಗುತ್ತೆ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಅಂತ ನಾನು ಯಾರಿಗೂ ಹೇಳಿರ್ಲಿಲ್ಲ."